ಕೀ ಕೊಟ್ಟವರು ಯಾರು?

ಮರಳವಾಡೀಲಿ ನಾನು ಚಿಕ್ಕವನಿದ್ದಾಗ ಅಪ್ಪ ಜಾತ್ರೆಯಿಂದ ಕೀ ಕೊಡೋ ಕಾರು ತಂದಿದ್ರು. ಎರಡೇ ದಿನಕ್ಕೆ ಬಿಚ್ಚಿದೆ. ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ, ನಾಲ್ಕೈದು ಹಲ್ಲಿನ ಚಕ್ರ, ಅಷ್ಟೇ. ಕೀ ತಿರುವಿದ್ರೆ ಪಟ್ಟಿ ಬಿಗಿಯಾಗುತ್ತೆ. ಬಿಟ್ರೆ ಸಡಿಲವಾಗ್ತಾ ಚಕ್ರ ತಿರುಗಿಸುತ್ತೆ. ಕೈ ಕೊಟ್ಟಿದ್ದಕ್ಕಿಂತ ಚೂರೂ ಹೆಚ್ಚು ಶಕ್ತಿ ಅದರಲ್ಲಿಲ್ಲ. ಸ್ವಲ್ಪ ತಿಕ್ಕಾಟದಲ್ಲೇ ಕಳೆದುಹೋಗುತ್ತೆ.

ಮೊನ್ನೆ ಆಫೀಸಲ್ಲಿ, ‘ನಾನು ಸ್ವಂತ ಶ್ರಮದಿಂದ ಮೇಲೆ ಬಂದವನು’ ಅಂದೆ. ಅಂದ ಮೇಲೆ ಆ ಕಾರು ನೆನಪಾಯ್ತು. ನನ್ನ ಬಿಇ ಫೀಸು, ಅಪ್ಪ ರಾಮನಗರದ ಮಾರ್ಕೆಟ್ಟಲ್ಲಿ ಮಾರಿದ ರೇಷ್ಮೆಗೂಡಿನ ದುಡ್ಡು. ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿದ್ದು ಅವ್ವ. ಓಡಿದ್ದು ನಾನೇ, ಸುಳ್ಳಲ್ಲ. ಆದ್ರೆ ಓಡುವಾಗ ಕೀ ಕೊಟ್ಟ ಕೈ ಕಾಣಲ್ಲ. ಅದಕ್ಕೇ ಎಲ್ಲವೂ ಸ್ವಂತದ್ದು ಅನ್ಸುತ್ತೆ.

ಈ ಋಣ ತೀರಿಸೋಕೆ ಆಗುತ್ತೋ ಇಲ್ವೋ, ಮುಚ್ಚಿಡೋದಂತೂ ತಪ್ಪು. ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಮೊದಲು ಅವ್ವನ ಸೊಪ್ಪಿನ ಲೆಕ್ಕ ಹೇಳ್ತೀನಿ.