ಬಿಸಿ ಹೋಗುವುದೆಲ್ಲಿಗೆ?

ಬೇಸಿಗೆ ಬಂತೆಂದರೆ 'ತಂಪು' ಎನ್ನುವ ಮಾತು ನಮ್ಮ ನಾಲಿಗೆಯ ಮೇಲೆ ಎಷ್ಟು ಸಲ ಬಂದು ಹೋಗುತ್ತದೆಯೋ ಲೆಕ್ಕವಿಲ್ಲ. ತಂಪಾದ ಮಜ್ಜಿಗೆ, ತಂಪು ಹೊತ್ತು, ತಂಪಾದ ಕೋಣೆ. ಯಾರಿಗಾದರೂ ಒಳ್ಳೆಯದಾಗಲಿ ಎಂದು ಹರಸುವಾಗಲೂ ನಮ್ಮ ಹಿರಿಯರು ಹೊಟ್ಟೆ ತಂಪಾಗಿರಲಿ ಎಂದೇ ಹರಸುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ ತಂಪನ್ನು ಯಾರೂ ತಯಾರಿಸಲಾರರು. ಇರುವುದು ಬಿಸಿ ಮಾತ್ರ. ಅದನ್ನು ಇಲ್ಲಿಂದ ತೆಗೆದು ಅಲ್ಲಿಗೆ ಹಾಕುವುದಷ್ಟೇ ಮನುಷ್ಯನಿಂದ ಆಗುವ ಕೆಲಸ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಫ್ರಿಜ್ಜಿನ ಹಿಂಬದಿಗೋ ಪಕ್ಕಕ್ಕೋ ಕೈಯಿಟ್ಟು ನೋಡಿ. ಒಳಗಿನ ಹಾಲು ಮೊಸರು ಬಿಟ್ಟುಕೊಟ್ಟ ಬಿಸಿಯೆಲ್ಲ ಅಲ್ಲಿ ನಿಮ್ಮ ಅಂಗೈಗೆ ಸಿಗುತ್ತದೆ.

ಹಾಗಿದ್ದ ಮೇಲೆ ನಮ್ಮ ಮನೆ ತಂಪಾಯಿತೆಂದು ಹಿಗ್ಗುವಾಗ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಆ ಬಿಸಿ ಎಲ್ಲಿಗೆ ಹೋಯಿತು? ಯಾರ ತಲೆಯ ಮೇಲೆ ಹೋಗಿ ಕುಳಿತಿತು? ಇದು ವಿಜ್ಞಾನದ ಪಾಠಕ್ಕೆ ಸೇರಿದ ಪ್ರಶ್ನೆಯಂತೆ ಕಂಡರೂ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ನನಗೆ ಅನ್ನಿಸಿದ್ದು ನಮ್ಮ ಮನೆಯ ಅಟ್ಟದ ದೆಸೆಯಿಂದ.

ನಮ್ಮದು ಶಿವಮೊಗ್ಗೆಯ ಹಳೆಯ ಬೀದಿಯೊಂದರ ಹೆಂಚಿನ ಮನೆ. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಮರದ ಮುಚ್ಚಿಗೆ, ಎರಡರ ನಡುವೆ ಅಟ್ಟ. ಅಟ್ಟದಲ್ಲಿ ಮದುವೆ ಮುಂಜಿಗೆ ಮಾತ್ರ ಇಳಿಯುವ ಕೊಳಗ, ಹಂಡೆ, ಮುರಿದ ತೊಟ್ಟಿಲು, ಯಾರೂ ಓದದ ಪಂಚಾಂಗಗಳ ಕಟ್ಟು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಈ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಸೋಗೆ ಹುಲ್ಲು ಹೊದಿಸುತ್ತಿದ್ದ ಎಷ್ಟೋ ಮನೆಗಳಿಗೆ ಬೆಂಕಿಯ ಭಯ ತಪ್ಪಿತು. ಆ ಹೆಂಚಿನದೊಂದು ಗುಣವೆಂದರೆ ಅದನ್ನು ಗಾರೆ ಹಾಕಿ ಅಂಟಿಸುವುದಿಲ್ಲ. ಒಂದರ ಮೇಲೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ. ಮಳೆಯ ನೀರಿಗೆ ದಾರಿಯಿಲ್ಲದಿದ್ದರೂ ಸಂದುಗಳಲ್ಲಿ ಗಾಳಿಗೆ ದಾರಿಯಿದೆ. ಅದು ಸಾಲದೆಂದು ಕಟ್ಟಿದವರು ಎರಡೂ ಕಡೆಯ ತ್ರಿಕೋನದ ಗೋಡೆಯ ನೆತ್ತಿಯಲ್ಲಿ ಒಂದೊಂದು ಗವಾಕ್ಷಿಯನ್ನೂ, ಸೂರಿನಡಿಯಲ್ಲಿ ಕೈ ಹೋಗುವಷ್ಟು ಸಂದನ್ನೂ ಬಿಟ್ಟಿದ್ದರು.

ಮುಂದೆ ಬಂದವರು ಒಂದೊಂದು ಕಾರಣಕ್ಕೆ ಒಂದೊಂದನ್ನು ಮುಚ್ಚುತ್ತಾ ಬಂದರು. ಬಾವಲಿ ಬರುತ್ತದೆಂದು ಗವಾಕ್ಷಿಗೆ ಹಲಗೆ ಬಿತ್ತು. ಇಲಿಯ ಕಾಟಕ್ಕೆ ಸೂರಿನ ಸಂದಿಗೆ ಸಿಮೆಂಟು ಬಿತ್ತು. ಧೂಳು ಉದುರುತ್ತದೆಂದು ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಬಂತು. ಯಾವ ಕಾರಣವೂ ಸುಳ್ಳಲ್ಲ. ಆದರೆ ಎಲ್ಲ ಸೇರಿದ ಮೇಲೆ ಅಟ್ಟವೆಂಬುದು ಮುಚ್ಚಳ ಬಿಗಿದ ಪಾತ್ರೆಯಾಯಿತು. ಹಗಲೆಲ್ಲ ಕಾದ ಗಾಳಿ ಅಲ್ಲೇ ನಿಂತು, ಮುಚ್ಚಿಗೆಯ ಹಲಗೆ ಕಾಯ್ದು, ರಾತ್ರಿ ಹತ್ತು ಗಂಟೆಗೆ ನಾವು ಮಲಗುವಾಗ ಒಲೆಯ ಮುಂದೆ ಮಲಗಿದಂತಾಗುತ್ತಿತ್ತು. ಫ್ಯಾನು ತಿರುಗುತ್ತಿತ್ತು ನಿಜ, ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತಿತ್ತು.

ಕಳೆದ ವರ್ಷ ಮಾರ್ಚಿಯಲ್ಲಿ ನಮ್ಮಲ್ಲಿ ಒಂದು ಸಣ್ಣ ಸಭೆ ನಡೆಯಿತು. ಕೈಯಲ್ಲಿದ್ದ ಹಣ ಇಷ್ಟು. ಅದರಲ್ಲಿ ಒಂದು ಕೋಣೆಗೆ ಎ.ಸಿ. ಹಾಕಿಸಬಹುದು, ಇಲ್ಲವೇ ಅಟ್ಟ ಮತ್ತು ಮಾಡಿನ ಕೆಲಸ ಮಾಡಿಸಬಹುದು. ಎರಡೂ ಆಗುವುದಿಲ್ಲ. ಮಗ ಎ.ಸಿ. ಕಡೆ. ಅವನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. "ಅಜ್ಜಿಗೆ ಎಂಬತ್ತು ದಾಟಿದೆಯಲ್ಲಮ್ಮ, ರಾತ್ರಿ ನಿದ್ದೆಯಿಲ್ಲ. ನೀನು ಗವಾಕ್ಷಿ ತೆಗೆಸಿ ಎರಡು ಡಿಗ್ರಿ ಇಳಿಸಿದರೆ ಅವರಿಗೆ ಸಾಕಾಗುತ್ತಾ?" ಎಂದ. ಒಂದು ಕೋಣೆಗೆ ಬಹಳ ತಂಪು ಒಳ್ಳೆಯದೋ, ಇಡೀ ಮನೆಗೆ ಸ್ವಲ್ಪ ಸ್ವಲ್ಪ ತಂಪು ಒಳ್ಳೆಯದೋ? ನೀತಿಶಾಸ್ತ್ರದ ದೊಡ್ಡ ದೊಡ್ಡ ಪುಸ್ತಕ ಬರೆದವರು ಇಂಥದ್ದನ್ನೇ ಬೇರೆ ಮಾತಿನಲ್ಲಿ ಕೇಳಿದ್ದಾರೆ. ನಮಗೆ ಅದು ಊಟದ ಮನೆಯಲ್ಲಿ ಎದುರಾಯಿತು.

ಮಗನ ಮಾತಿನಲ್ಲಿ ತೂಕವಿದೆ ಎಂದೆನಲ್ಲ, ಅದಕ್ಕೆ ಕಾರಣವಿದೆ. ಸೆಖೆ ಎಂಬುದು ಬರೀ ಕಿರಿಕಿರಿಯಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಗೆ ಬಹಳ ಜನ ಸತ್ತರು. ಆಮೇಲೆ ಅಲ್ಲಿಯ ಮುನಿಸಿಪಾಲಿಟಿ 2013ರಲ್ಲಿ ಬಿಸಿಲಿನ ಝಳವನ್ನು ಎದುರಿಸುವುದಕ್ಕೆಂದೇ ಒಂದು ಯೋಜನೆ ಮಾಡಿತು. ನಮ್ಮಲ್ಲೂ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ, ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಮುದುಕರಿಗೆ, ಹಸುಗೂಸುಗಳಿಗೆ, ಬಸುರಿ ಹೆಂಗಸರಿಗೆ ಸೆಖೆ ಹೆಚ್ಚು ಅಪಾಯ. ಹೊರಗಿನ ಗಾಳಿಯೇ ನಲವತ್ತು ಡಿಗ್ರಿ ದಾಟಿದರೆ ಫ್ಯಾನಿನಿಂದಲೂ ಅಂಥವರಿಗೆ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಎ.ಸಿ. ಎಂದರೆ ಸೊಕ್ಕು, ಸೆಖೆ ತಡೆದುಕೊಳ್ಳುವುದೇ ತಪಸ್ಸು ಎಂದು ಉಪದೇಶ ಮಾಡುವವರ ಸಾಲಿಗೆ ನಾನು ಸೇರುವುದಿಲ್ಲ. ಆ ಉಪದೇಶ ಮಾಡುವವರು ಹೆಚ್ಚಾಗಿ ಜಗಲಿಯಲ್ಲಿ ಕೂತಿರುತ್ತಾರೆ, ಕೇಳುವವಳು ಒಲೆಯ ಮುಂದಿರುತ್ತಾಳೆ.

ಆದರೂ ನನ್ನ ಓಟು ಅಟ್ಟಕ್ಕೇ ಬಿತ್ತು. ಲೆಕ್ಕ ಹೀಗಿತ್ತು. ಎ.ಸಿ. ಕೋಣೆಯ ಬಿಸಿಯನ್ನು ಹೊರಗೆ ಹಾಕುತ್ತದೆ. ಅದರ ಜೊತೆಗೆ ತಾನು ನುಂಗಿದ ವಿದ್ಯುತ್ತನ್ನೂ ಬಿಸಿಯಾಗಿ ಹೊರಗೇ ಬಿಡುತ್ತದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ನಾಲ್ಕು ಅಡಿಯ ಓಣಿ. ಹೊರಗಿನ ಪೆಟ್ಟಿಗೆ ಕೂರಿಸಲು ಇರುವ ಜಾಗದ ಎದುರಿಗೆ ಸರಿಯಾಗಿ ಪಕ್ಕದ ಮನೆಯ ಅಡಿಗೆಮನೆಯ ಕಿಟಕಿ. ಅಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಒಬ್ಬಾಕೆ ರೊಟ್ಟಿ ತಟ್ಟುತ್ತಾಳೆ. ನಮ್ಮ ಅತ್ತೆಯವರ ನಿದ್ದೆಯ ಬೆಲೆಯನ್ನು ಆಕೆಯಿಂದ ವಸೂಲು ಮಾಡುವುದು ಯಾವ ನ್ಯಾಯ? ಆಕೆ ಏನೂ ಅನ್ನಲಾರಳು. ಅನ್ನಲಾರದವರ ಮೇಲೆ ಭಾರ ಹಾಕುವುದು ಸುಲಭ, ಅದಕ್ಕೇ ಅಲ್ಲಿ ಎಚ್ಚರ ಬೇಕು.

ಅಟ್ಟದ ಗವಾಕ್ಷಿಯಿಂದಲೂ ಬಿಸಿಗಾಳಿಯೇ ಹೊರಗೆ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಮಗನೂ ಕೇಳಿದ. ಹೋಗುತ್ತದೆ, ಆದರೆ ನೆತ್ತಿಯಿಂದ ಮೇಲಕ್ಕೆ ಹೋಗುತ್ತದೆ. ಯಾರ ಕಿಟಕಿಗೂ ನುಗ್ಗುವುದಿಲ್ಲ, ವಿದ್ಯುತ್ತಿನ ಹೊಸ ಬಿಸಿಯನ್ನು ಸೇರಿಸುವುದೂ ಇಲ್ಲ.

ಕೊನೆಗೆ ಅತ್ತೆಯವರನ್ನೇ ಕೇಳಿದೆವು. ಅವರು, "ನನ್ನೊಬ್ಬಳನ್ನು ತಂಪಿನಲ್ಲಿ ಕೂರಿಸಿ ಬಾಗಿಲು ಹಾಕಿಬಿಟ್ಟರೆ ನನ್ನ ಹತ್ತಿರ ಮಾತಾಡುವವರು ಯಾರು?" ಎಂದರು. ಅಲ್ಲಿಗೆ ಅಟ್ಟ ಗೆದ್ದಿತು.

ಮೇಸ್ತ್ರಿ ಬಂದು ಮೇಲೆ ಹತ್ತಿ ನೋಡಿದ. ನೆತ್ತಿಯಲ್ಲಿ ಗಾಳಿ ಎಳೆಯುವ ಒಂದು ಫ್ಯಾನು ಹಾಕಿಬಿಡಿ ಎಂದು ನೆಂಟರೊಬ್ಬರು ಹೇಳಿದ್ದರು. ಮೇಸ್ತ್ರಿ ತಲೆಯಾಡಿಸಿಬಿಟ್ಟ. "ಬರೋ ದಾರಿ ಇಲ್ದೆ ಹೋಗೋ ದಾರಿ ಮಾಡಿದ್ರೆ ಏನು ಬಂತು ಮೇಡಂ? ಮೊದ್ಲು ಸೂರಿನಡಿ ಬಿಡಿಸೋಣ" ಎಂದ. ಮಾತು ಸರಿಯಾಗಿತ್ತು. ಬಿಸಿ ಗಾಳಿ ಹಗುರ, ಮೇಲಕ್ಕೆ ಏರುತ್ತದೆ. ಆದರೆ ಕೆಳಗಿನಿಂದ ಅಷ್ಟೇ ಗಾಳಿ ಒಳಗೆ ಬಂದರೆ ಮಾತ್ರ ಅದು ಜಾಗ ಬಿಟ್ಟು ಹೋಗುತ್ತದೆ. ಸೂರಿನ ಕಡೆಯ ಕಿಂಡಿಗಳ ಒಟ್ಟು ವಿಸ್ತಾರ ನೆತ್ತಿಯ ಕಿಂಡಿಗಳಿಗೆ ಸಮವಾಗಿಯಾದರೂ ಇರಬೇಕು. ಕೆಳಗೆ ದಾರಿಯಿಲ್ಲದೆ ಮೇಲೆ ಫ್ಯಾನು ಹಾಕಿದರೆ ಅದು ಮುಚ್ಚಿಗೆಯ ಸಂದಿಯಿಂದ ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಸಿಮೆಂಟು ಕಿತ್ತು, ಹಲಗೆ ತೆಗೆದು, ಎರಡು ಕಡೆಗೂ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿದೆವು. ಬಾವಲಿಯೂ ಇಲಿಯೂ ಹೊರಗೇ ಉಳಿದವು. ಬಲೆ ಹಾಕಿದರೆ ಗಾಳಿಯ ದಾರಿ ಕಿರಿದಾಗುತ್ತದೆ, ಆದ್ದರಿಂದ ಕಿಂಡಿ ಕೊಂಚ ದೊಡ್ಡದೇ ಇರಬೇಕು, ವರ್ಷಕ್ಕೊಮ್ಮೆ ಜೇಡರ ಬಲೆ ಗುಡಿಸಬೇಕು.

ಇಷ್ಟರಿಂದಲೇ ಮನೆ ಮಲೆನಾಡಾಗಲಿಲ್ಲ. ಕಾದ ಹೆಂಚು ಗಾಳಿಯನ್ನು ಮಾತ್ರ ಬಿಸಿ ಮಾಡುವುದಿಲ್ಲ, ಕೆಂಡದಂತೆ ನೇರವಾಗಿ ಕೆಳಗಿನ ಹಲಗೆಯ ಮೇಲೂ ಝಳ ಬೀರುತ್ತದೆ. ಗಾಳಿಯಾಡಿದ ಮಾತ್ರಕ್ಕೆ ಆ ಝಳ ನಿಲ್ಲುವುದಿಲ್ಲ. ನಡುವೆ ಒಂದು ಮರೆ ಬೇಕು, ಇಲ್ಲವೇ ಮಾಡೇ ಕಾಯದಂತೆ ಬಿಸಿಲನ್ನು ಹಿಂದಕ್ಕೆ ಕಳಿಸಬೇಕು. ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಇದಕ್ಕೇ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಮಾಡುಗಳಿಗೆಂದೇ ಒಂದು ನೀತಿಯನ್ನು ಹೊರಡಿಸಿತು. ಅಟ್ಟವೇ ಇಲ್ಲದ ಆರ್.ಸಿ.ಸಿ. ಮನೆಯವರು ಮಾಡಬಹುದಾದ ಅಗ್ಗದ ಕೆಲಸವೂ ಇದೇ. ಮಳೆಗೆ ತೊಳೆದು ಹೋಗುವ ಸುಣ್ಣವನ್ನು ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು, ಅಷ್ಟೆ.

ಝಳದ ವಿಷಯ ಬಂದಾಗ ಹಿತ್ತಲ ಮಹಡಿಯ ತಗಡಿನ ಕೋಣೆಯ ಮಾತು ಬಂತು. ಅದರಲ್ಲಿ ನರ್ಸಿಂಗ್ ಓದುವ ಇಬ್ಬರು ಹುಡುಗಿಯರು ಬಾಡಿಗೆಗಿದ್ದಾರೆ. ನಮ್ಮ ಮನೆಯಲ್ಲೆಲ್ಲ ಅತಿ ಹೆಚ್ಚು ಕಾಯುವುದು ಆ ಕೋಣೆ. ನಿಮ್ಮ ಬೀದಿಯನ್ನೂ ಒಮ್ಮೆ ನೋಡಿ. ಪ್ರತಿ ಮನೆಯಲ್ಲೂ ಅತ್ಯಂತ ಬಿಸಿಯಾದ ಜಾಗದಲ್ಲಿ ಇರುವವರು ಯಾರು? ಅಡಿಗೆಮನೆಯಲ್ಲಿ ಹೆಂಗಸು. ತಗಡಿನಡಿಯಲ್ಲಿ ಬಾಡಿಗೆಯವರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ ಕೆಲಸದ ಹುಡುಗಿ. ಯಾರೂ ಬೇಕೆಂದು ಹೀಗೆ ಹಂಚಿದ್ದಲ್ಲ, ನೀರು ತಗ್ಗಿಗೆ ಹರಿದಂತೆ ಬಿಸಿಯೂ ಯಾರು ಸುಮ್ಮನಿರುತ್ತಾರೋ ಅವರ ಕಡೆಗೆ ಹರಿದಿದೆ. ನನ್ನ ತರಗತಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೊತ್ತಿಗೆ ಬೆಳಗ್ಗೆ ಹತ್ತು ಗಂಟೆಗೇ ತೂಕಡಿಸುವ ಮಕ್ಕಳನ್ನು ವಿಚಾರಿಸಿದರೆ ಎಷ್ಟೋ ಸಲ ಉತ್ತರ ಒಂದೇ: "ಶೀಟಿನ ಮನೆ ಮಿಸ್, ರಾತ್ರಿ ನಿದ್ದೆ ಬರಲ್ಲ." ಆ ಮಗು ಸೋಮಾರಿ ಎಂದು ಬರೆಯುವ ಮೊದಲು ಅದರ ಮನೆಯ ಮಾಡನ್ನು ನೋಡಬೇಕು.

ತಗಡಿಗೆ ಬಿಳಿ ಬಣ್ಣ ಹೊಡೆಸಿದೆವು. ಅದರ ಕೆಳಗೆ ಒಂದು ಗೇಣು ಜಾಗ ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿ, ಆ ಗೇಣಿನ ಎರಡೂ ತುದಿಗೆ ಗೋಡೆಯಲ್ಲಿ ಕಿಂಡಿ ಬಿಡಿಸಿದೆವು. ಎಂದರೆ ಅಟ್ಟವಿಲ್ಲದ ಕೋಣೆಗೆ ಒಂದು ಪುಟ್ಟ ಅಟ್ಟ ಮಾಡಿದಂತಾಯಿತು. ತಟ್ಟಿ ಝಳಕ್ಕೆ ಮರೆಯಾಯಿತು, ಕಾದ ಗಾಳಿ ಕಿಂಡಿಯಿಂದ ಹೋಯಿತು. ಹುಡುಗಿಯರು, "ಆಂಟಿ, ಈಗ ಮಧ್ಯಾಹ್ನವೂ ಕೋಣೆಯಲ್ಲಿ ಕೂತು ಓದಬಹುದು" ಎಂದರು.

ನಿಜವಾದ ಜಗಳ ಶುರುವಾದದ್ದು ಇಲ್ಲಿಂದ. ನಮ್ಮ ಮನೆಯವರು ಲೆಕ್ಕದ ಮನುಷ್ಯ. "ಕೋಣೆ ಮೊದಲಿನ ಹಾಗಿಲ್ಲವಲ್ಲ, ಬಾಡಿಗೆ ಐನೂರು ಹೆಚ್ಚಿಗೆ ಕೇಳಿದರೆ ತಪ್ಪೇನು? ಖರ್ಚು ಮಾಡಿದವರು ನಾವು" ಎಂದರು. ಮೇಲುನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಕೊಟ್ಟದ್ದಕ್ಕೆ ಬೆಲೆ ಕೇಳುವುದು ವ್ಯವಹಾರ. ನಾನು ಅವರನ್ನು ಒಂದು ಮಾತು ಕೇಳಿದೆ. "ಮಳೆಗಾಲದಲ್ಲಿ ತಗಡು ಸೋರಿದರೆ ನಾವು ರಿಪೇರಿ ಮಾಡಿಸುತ್ತೇವೆ. ಸೋರದ ಕೋಣೆ ಎಂದು ಬೇರೆ ಬಾಡಿಗೆ ಕೇಳುತ್ತೇವೆಯೇ?" ಮಾಡು ಎಂದರೆ ಮಳೆಗೂ ಮಾಡು, ಬಿಸಿಲಿಗೂ ಮಾಡು. ನೀರು ಸೋರಿದರೆ ಮನೆಯೊಡೆಯನ ಹೊಣೆ, ಬಿಸಿಲು ಸೋರಿದರೆ ಬಾಡಿಗೆಯವರ ಹಣೆಬರಹ ಎಂಬ ನಿಯಮ ಎಲ್ಲಿಂದ ಬಂತು? ನೀರು ಕಣ್ಣಿಗೆ ಕಾಣುತ್ತದೆ, ಹಾಸಿಗೆ ಒದ್ದೆಯಾಗುತ್ತದೆ. ಬಿಸಿ ಕಾಣುವುದಿಲ್ಲ, ಅದನ್ನು ಅನುಭವಿಸುವವರು ಬೆಳಗ್ಗೆ ಎದ್ದು ಸುಮ್ಮನೆ ಕೆಲಸಕ್ಕೆ ಹೋಗುತ್ತಾರೆ.

ನಮ್ಮ ಮನೆಯವರು ಸುಲಭಕ್ಕೆ ಒಪ್ಪುವವರಲ್ಲ. "ಹಾಗಾದರೆ ನಾಳೆ ಎ.ಸಿ.ಯನ್ನೂ ಬಾಡಿಗೆ ಹೆಚ್ಚಿಸದೆ ಹಾಕಿಸಿಕೊಡುತ್ತೀಯಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ವಲ್ಪ ಹೊತ್ತು ಯೋಚಿಸಿಯೇ ಉತ್ತರ ಕೊಡಬೇಕಾಯಿತು. ಇಲ್ಲ, ಹಾಕಿಸಿಕೊಡುವುದಿಲ್ಲ. ಮನುಷ್ಯರು ಇರಬಹುದಾದ ಕೋಣೆ ಮಾಡಿಕೊಡುವುದು ಒಂದು, ಅದರ ಮೇಲಿನ ಸುಖ ಇನ್ನೊಂದು. ಮೊದಲನೆಯದು ಬಾಡಿಗೆಯ ಒಳಗೇ ಸೇರಿದ್ದು, ಎರಡನೆಯದಕ್ಕೆ ಬೆಲೆ ಕೇಳಬಹುದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಅಳತೆಪಟ್ಟಿ ಹಿಡಿದು ತೋರಿಸಲಾರೆ. ಆದರೆ ಒಂದು ಪರೀಕ್ಷೆ ಮಾಡಬಹುದು: ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಯಲ್ಲಿ ನನ್ನ ಮಗಳನ್ನು ಓದಿಕೊಳ್ಳಲು ಕೂರಿಸುತ್ತೇನೆಯೇ? ಇಲ್ಲವೆಂದಾದರೆ ಅದಕ್ಕೆ ಬಾಡಿಗೆ ತೆಗೆದುಕೊಳ್ಳುವ ಹಕ್ಕು ನನಗೆ ಅರ್ಧ ಮಾತ್ರ ಇದೆ.

ಈ ವರ್ಷ ಬಾಡಿಗೆ ಹೆಚ್ಚಿಸಲಿಲ್ಲ. ಮುಂದಿನ ವರ್ಷ ಎಲ್ಲರ ಬಾಡಿಗೆಯೂ ಏರುವ ಹಾಗೆ ಅದೂ ಏರಬಹುದು. ಆದರೆ ಅದರಲ್ಲಿ 'ತಂಪಿಗೆ' ಎಂಬ ಬಾಬ್ತು ಇರುವುದಿಲ್ಲ ಎಂಬಷ್ಟಕ್ಕೆ ಇಬ್ಬರೂ ಒಪ್ಪಿದ್ದೇವೆ. ಅತ್ತೆಯವರಿಗೆ ಮುಂದೆ ಎ.ಸಿ. ಬೇಕೇ ಆದರೆ ಅದನ್ನೂ ಹಾಕಿಸುತ್ತೇವೆ, ಔಷಧಿಯಂತೆ ಬೇಕಾದಷ್ಟು ಹೊತ್ತು, ಬೇಕಾದಷ್ಟೇ. 2020ರ ಜನವರಿಯಿಂದ ಹೊಸ ಎ.ಸಿ.ಗಳು ಇಪ್ಪತ್ತನಾಲ್ಕು ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮವಾಗಿದೆ. ಅದನ್ನು ಹದಿನೆಂಟಕ್ಕೆ ಇಳಿಸಿ ಕಂಬಳಿ ಹೊದೆಯುವ ಅಗತ್ಯ ನಮಗಿಲ್ಲ. ಅಟ್ಟ ಮೊದಲೇ ಬಿಸಿಯನ್ನು ಕಳೆದುಕೊಂಡಿರುವುದರಿಂದ ಯಂತ್ರಕ್ಕೂ ಕೆಲಸ ಕಡಿಮೆ. ಹೊರಗಿನ ಪೆಟ್ಟಿಗೆ ಮಾತ್ರ ಓಣಿಗೆ ಬೇಡ, ಪೈಪು ಉದ್ದವಾಗಿ ಖರ್ಚು ಹೆಚ್ಚಾದರೂ ಹಿತ್ತಲ ಮೇಲಕ್ಕೇ ಹೋಗಲಿ ಎಂದು ಮಗನಿಗೆ ಹೇಳಿಟ್ಟಿದ್ದೇನೆ. ಆ ಹೆಚ್ಚಿನ ಖರ್ಚು ಪಕ್ಕದ ಮನೆಯಾಕೆ ರೊಟ್ಟಿ ತಟ್ಟುವ ಹೊತ್ತಿಗೆ ನಾವು ಕೊಡಬೇಕಾದದ್ದು.