ತಿದ್ದುವುದೂ ಅಳಿಸುವುದೂ

ಹರಿಹರ ಯಾವ ಜಿಲ್ಲೆಗೆ ಸೇರಿದ್ದು? ದಾವಣಗೆರೆ ಜಿಲ್ಲೆಗೆ ಎಂದು ಶಾಲೆಯ ಹುಡುಗನೂ ಥಟ್ಟನೆ ಹೇಳಿಯಾನು. ಉತ್ತರವೇನೋ ಸರಿ. ಆದರೆ ಹರಿಹರದ ಶಾಸನಗಳನ್ನು ಓದಬೇಕೆಂದು ಹೊರಟವನಿಗೆ ಈ ಸರಿಯುತ್ತರದಿಂದ ಪ್ರಯೋಜನವಾಗದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅವು ಇರುವುದು ಹನ್ನೊಂದನೆಯ ಸಂಪುಟದಲ್ಲಿ, ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಕೆಳಗೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಪುಸ್ತಕ ಮಾತ್ರ ತನ್ನ ಹಳೆಯ ವಿಳಾಸದಲ್ಲೇ ಕುಳಿತಿದೆ. ನೆರೆಯ ಹರಪನಹಳ್ಳಿಯ ಅಲೆದಾಟವಂತೂ ಇನ್ನೂ ಸ್ವಾರಸ್ಯದ್ದು. 1997ರವರೆಗೆ ಅದು ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಒಂದಂಗುಲವೂ ಕದಲಲಿಲ್ಲ! ಇದು ಬರಿಯ ಹೆಸರಿನ ಮಾತೂ ಅಲ್ಲ. ಸಂವಿಧಾನದ 371-ಜೆ ವಿಧಿಯ ಸವಲತ್ತು ಬಳ್ಳಾರಿಗೆ ಉಂಟು, ದಾವಣಗೆರೆಗೆ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವ ತರುಣನಿಗೆ ‘ಯಾವ ಜಿಲ್ಲೆ’ ಎಂಬುದು ಅನ್ನದ ಪ್ರಶ್ನೆ.

ಕಂಪ್ಯೂಟರು ಬಲ್ಲವರು ‘ನಾಲೆಡ್ಜ್ ಗ್ರಾಫ್’ ಎನ್ನುವ ಒಂದು ವ್ಯವಸ್ಥೆ ಇದೆ. ಜ್ಞಾನಜಾಲ ಎಂದು ಕರೆಯೋಣ. ಅದರಲ್ಲಿ ತಿಳಿವಳಿಕೆಯನ್ನೆಲ್ಲ ಮೂರು ಮಾತಿನ ಪುಟ್ಟ ಹೇಳಿಕೆಗಳಾಗಿ ಒಡೆದು ಇಡುತ್ತಾರೆ. ಇದು, ಇದಕ್ಕೆ, ಹೀಗೆ ಸಂಬಂಧಪಟ್ಟದ್ದು, ಅಷ್ಟೆ. ನಾನಿರುವ ಆನೆಕೊಂಡವನ್ನೇ ತೆಗೆದುಕೊಳ್ಳಿ. ‘ಆನೆಕೊಂಡ ಒಂದು ಹಳ್ಳಿ’ ಎಂಬುದು ಒಂದು ಹೇಳಿಕೆ. ‘ಆನೆಕೊಂಡ ದಾವಣಗೆರೆ ನಗರದ ಒಂದು ಭಾಗ’ ಎಂಬುದು ಇನ್ನೊಂದು. ಎರಡನೆಯದು ಬಂದಿತೆಂದು ಮೊದಲನೆಯದನ್ನು ಅಳಿಸಿದರೆ, ಇಲ್ಲಿನ ಹಳೆಯ ಈಶ್ವರ ದೇವಾಲಯವನ್ನು ಒಂದು ಬಡಾವಣೆ ಕಟ್ಟಿಸಿಕೊಂಡಿತೆಂದು ಮುಂದಿನವರು ತಿಳಿದಾರು. ಆದ್ದರಿಂದ ಒಳ್ಳೆಯ ಜಾಲದಲ್ಲಿ ಹಳೆಯ ಹೇಳಿಕೆಯನ್ನು ಅಳಿಸುವುದಿಲ್ಲ. ಇಂದಿನಿಂದ ಇಂದಿನವರೆಗೆ ಎಂದು ಅದಕ್ಕೆ ಕಾಲದ ಎಲ್ಲೆ ಕಟ್ಟುತ್ತಾರೆ. ತಿದ್ದಿದವರು ಯಾರು, ಯಾವಾಗ ಎಂಬುದೂ ಜೊತೆಗೇ ಉಳಿಯುತ್ತದೆ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಯಾರು ಬೇಕಾದರೂ ಇದನ್ನು ನೋಡಬಹುದು.

ಇನ್ನೊಂದು ಬಗೆಯ ಜಾಲಕ್ಕೆ ಒಡೆಯನೇ ಇಲ್ಲ. ಒಂದೇ ಕಪಾಟಿನ ಬದಲು ಹಲವರ ಮನೆಯ ಯಂತ್ರಗಳಲ್ಲಿ ಪ್ರತಿಗಳು ಹಂಚಿಕೊಂಡಿರುತ್ತವೆ. ಪ್ರತಿಯೊಂದು ಆವೃತ್ತಿಗೂ ಅದರ ಅಕ್ಷರಗಳಿಂದಲೇ ಲೆಕ್ಕಹಾಕಿದ ಒಂದು ಗುರುತಿನ ಸಂಖ್ಯೆ. ಒಂದು ಅಕ್ಷರ ತಿರುಚಿದರೂ ಸಂಖ್ಯೆ ಬದಲಾಗಿ ಕಳವು ಹೊರಬೀಳುತ್ತದೆ.

ನಮ್ಮ ನಾಡಿಗೆ ಇದು ತೀರ ಹೊಸದೆಂದು ನನಗೆ ತೋರುವುದಿಲ್ಲ. ಶಾಸನಗಳು ರಾಜಧಾನಿಯ ಒಂದು ಕೋಣೆಯಲ್ಲಿ ಇರಲಿಲ್ಲ. ಯಾವ ಊರಿನ ದತ್ತಿಯೋ ಆ ಊರಿನಲ್ಲೇ ಕಲ್ಲು ನಿಂತಿತು. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ಪೋಲಾಳ್ವ ದಂಡನಾಯಕ. 1268ರಲ್ಲಿ ಅದಕ್ಕೆ ಸೇರಿಸಿ ಕಟ್ಟಿಸಿದವನು ಸೋಮ ದಂಡನಾಯಕ. ಎರಡನೆಯವನು ಮೊದಲನೆಯವನ ಹೆಸರನ್ನು ಕೆತ್ತಿ ತೆಗೆಸಲಿಲ್ಲ. ಹೀಗೆಂದು ಶಾಸನಗಳನ್ನು ತೀರ ಹೊಗಳಲೂ ಬಾರದು. ಕಲ್ಲುಕುಟಿಗನಿಗೆ ಕೂಲಿ ಕೊಡಬಲ್ಲವನ ಮಾತು ಮಾತ್ರ ಕಲ್ಲಿಗೆ ಏರಿತು. ದತ್ತಿಯ ಗದ್ದೆಯನ್ನು ಉತ್ತವನು ಯಾರೆಂದು ಯಾವ ಕಲ್ಲನ್ನು ಕೇಳೋಣ?

ಉತ್ತವನ ಹೆಸರು ಬೇಕಾದದ್ದು ಬಹಳ ತಡವಾಗಿ. ಕರ್ನಾಟಕದ ಭೂಸುಧಾರಣೆಯಲ್ಲಿ ಕೇಳಿದ ಪ್ರಶ್ನೆ ‘ಈ ಹೊಲವನ್ನು ಈಗ ಯಾರು ಉಳುತ್ತಿದ್ದಾರೆ’ ಎಂದಲ್ಲ. 1974ನೆಯ ಮಾರ್ಚಿ 1ಕ್ಕೆ ಮುಂಚೆ ಗೇಣಿದಾರನಾಗಿದ್ದವನು ಯಾರು ಎಂದು. ಗೇಣಿದಾರ ಏಳನೆಯ ನಮೂನೆಯ ಅರ್ಜಿ ಹಿಡಿದು ನ್ಯಾಯಮಂಡಲಿಯ ಮುಂದೆ ನಿಂತಾಗ ಅವನ ಪರವಾಗಿಯೋ ವಿರೋಧವಾಗಿಯೋ ಸಾಕ್ಷಿ ನುಡಿದದ್ದು ಹಳೆಯ ವರ್ಷಗಳ ಪಹಣಿ. ಅದನ್ನು ಬರೆದವರು ಮೊದಲು ವಂಶಪಾರಂಪರ್ಯದ ಶಾನುಭೋಗರು, 1963ರಲ್ಲಿ ಆ ಪದ್ಧತಿ ಹೋದ ಮೇಲೆ ಗ್ರಾಮಲೆಕ್ಕಿಗರು. ಬರೆಯುವ ಕೈ ಒಂದು, ಪುಸ್ತಕ ಒಂದು, ಪ್ರತಿ ಬೇರೆ ಯಾರಲ್ಲೂ ಇಲ್ಲ ಎಂದಾಗ ಆ ಕಾಲಮಿನಲ್ಲಿ ಒಂದು ಹೆಸರು ಬಿಟ್ಟುಹೋದರೆ ಬಿಟ್ಟದ್ದೇ ಸತ್ಯವಾಗುತ್ತದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಪ್ರತಿ ಸಿಗುವುದು ಸುಲಭವಾಯಿತು. ಉಪಕಾರವೇ. ಆದರೂ ಕಂಪ್ಯೂಟರಿಗೆ ಏರಿದ್ದು ಹಿಂದೆ ಬರೆದದ್ದು. ಬರೆಯದೆ ಬಿಟ್ಟದ್ದು ಎಲ್ಲಿಂದ ಬರಬೇಕು? ಒಡೆಯನಿಲ್ಲದ ಜಾಲದ ಕಡೆಗೆ ನನ್ನ ಒಲವು ಇರುವುದಕ್ಕೆ ಕಾರಣ ಇದು: ಅಲ್ಲಿ ಗೇಣಿದಾರನೂ ತನ್ನ ಹೇಳಿಕೆಯನ್ನು ತಾನೇ ಬರೆದಿಡಬಹುದು. ಶಾನುಭೋಗನದೂ ಇರಲಿ, ಇವನದೂ ಇರಲಿ. ಕೇಳಬಂದವನು ಎರಡನ್ನೂ ನೋಡಿ ತೂಗಲಿ.

ಇಷ್ಟರವರೆಗೆ ಅಳಿಸಬಾರದೆಂದೇ ವಾದಿಸಿದೆ. ಊರಿನ, ಗುಡಿಯ, ಹೊಲದ ವಿಷಯದಲ್ಲಿ ಈಗಲೂ ಅದೇ ಹೇಳುತ್ತೇನೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನನ್ನ ವಾದ ಕುಂಟುತ್ತದೆ. ಒಬ್ಬನ ಮೇಲೆ ಕಳವಿನ ಆಪಾದನೆ ಬಂದಿತು; ಆರು ವರ್ಷದ ಮೇಲೆ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು ಎಂದಿಟ್ಟುಕೊಳ್ಳಿ. ಜಾಲ ಎರಡನ್ನೂ ತಾರೀಖಿನ ಸಮೇತ ಪ್ರಾಮಾಣಿಕವಾಗಿ ಹೇಳುತ್ತದೆ. ಮಗಳಿಗೆ ವರ ನೋಡುವವನು ಎರಡನ್ನೂ ಓದುತ್ತಾನೆಯೆ? ಮೊದಲನೆಯ ಸಾಲನ್ನು ಓದಿ ಎದ್ದುಹೋಗುತ್ತಾನೆ. ಸುಳ್ಳಲ್ಲದ ಮಾತಿನಿಂದಲೇ ಒಂದು ಮನೆ ಮುಳುಗಬಹುದು. ಮೊದಲಿನ ಕಾಲದಲ್ಲಿ ಕಾಗದ ಹಳದಿಯಾಗುತ್ತಿತ್ತು, ಗೆದ್ದಲು ತಿನ್ನುತ್ತಿತ್ತು, ಕಂಡವರು ಸಾಯುತ್ತಿದ್ದರು. ಆ ಮರೆವಿನಲ್ಲಿ ಎಷ್ಟೋ ಜನ ಮತ್ತೆ ಬದುಕು ಕಟ್ಟಿಕೊಂಡದ್ದುಂಟು. ಗೆದ್ದಲಿಗೂ ಒಂದು ದಯೆ ಇತ್ತೇನೋ!

2023ರಲ್ಲಿ ನಮ್ಮ ಪಾರ್ಲಿಮೆಂಟು ಅಂಗೀಕರಿಸಿದ ವೈಯಕ್ತಿಕ ದತ್ತಾಂಶದ ಕಾಯಿದೆ, ತನ್ನ ಬಗೆಗಿನ ಮಾಹಿತಿಯನ್ನು ತಿದ್ದಿಸುವ ಹಕ್ಕಿನ ಜೊತೆಗೆ ಅಳಿಸಿಸುವ ಹಕ್ಕನ್ನೂ ಹೇಳುತ್ತದೆ. ಒಳ್ಳೆಯದೇ. ಒಂದೇ ಕಪಾಟಿದ್ದರೆ ಅದರ ಬೀಗದ ಕೈ ಇಟ್ಟುಕೊಂಡವನಿಗೆ ನೋಟೀಸು ಕೊಡಬಹುದು. ಪ್ರತಿಗಳು ನೂರು ಮನೆಯಲ್ಲಿದ್ದರೆ? ತೊಂಬತ್ತೊಂಬತ್ತು ಮಂದಿ ಅಳಿಸಿದರೂ ಉಳಿದೊಬ್ಬನ ಪ್ರತಿಯಲ್ಲಿ ಅದೇ ಸಾಲು, ಅದೇ ಗುರುತಿನ ಸಂಖ್ಯೆ. ಗೇಣಿದಾರನ ಸಾಲನ್ನು ಜಮೀನುದಾರನಿಂದ ಕಾಪಾಡುವ ಆ ಹಂಚಿಕೆಯೇ ನಿರ್ದೋಷಿಯ ಮೇಲಣ ಸಾಲನ್ನೂ ಕಾಪಾಡುತ್ತದೆ. ಯಂತ್ರಕ್ಕೆ ಇಬ್ಬರ ನಡುವೆ ಭೇದ ತಿಳಿಯದು.

ಆದ್ದರಿಂದ ಇಂಥ ಜಾಲಕ್ಕೆ ಸಾಲು ಬರೆಯಲು ಕುಳಿತ ತರುಣರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು: ಆನೆಕೊಂಡದ ಗುಡಿ, ಕೆರೆ, ಗಡಿ, ಹೊಲ, ಅಧಿಕಾರದಲ್ಲಿದ್ದವರು ಅಧಿಕಾರದಿಂದ ಮಾಡಿದ ಕೆಲಸ ಎಲ್ಲವನ್ನೂ ಬರೆಯಿರಿ. ತನ್ನ ಹೊಲದ ಮಾತನ್ನು ಉಳುವವನೇ ಬಂದು ಹೇಳಿದರೆ ಅದನ್ನೂ ಬರೆಯಿರಿ. ಪಕ್ಕದ ಮನೆಯವರ ವಿಷಯ ಬಂದಾಗ ಅವರನ್ನು ಕೇಳಿ ಬನ್ನಿ. ಅವರು ಬೇಡವೆಂದರೆ ಆ ಜಾಗ ಖಾಲಿಯಿರಲಿ.