ನೀರು: ದಾನವೋ ಹಕ್ಕೋ?

ಬೇಸಿಗೆ ಬಂತೆಂದರೆ ನಮ್ಮ ಊರುಗಳಲ್ಲಿ ಅರವಟ್ಟಿಗೆಗಳು ಏಳುತ್ತವೆ. ಬಾಯಾರಿದವರಿಗೆ ನೀರು ಕೊಡುವುದು ಪುಣ್ಯದ ಕೆಲಸವೆಂದು ಎಲ್ಲ ಧರ್ಮದವರೂ ನಂಬಿದ್ದೇವೆ. ಆದರೆ ಅದೇ ಬೀದಿಯ ಹಿಂದಿನ ಗಲ್ಲಿಯಲ್ಲಿ ವರ್ಷವಿಡೀ ಕೊಡ ಹಿಡಿದು ಸಾಲು ನಿಲ್ಲುವವರಿಗೆ ಸಲ್ಲಬೇಕಾದುದು ಏನು? ನಮ್ಮ ದಾನವೇ? ಅವರ ಹಕ್ಕೇ?

ಬಡವರ ಬಡಾವಣೆಗಳ ಕಷ್ಟ ಬರೀ ನೀರಿನ ಕೊರತೆಯಲ್ಲ. ಅಲ್ಲಿ ನಳದ ಕೊಳವೆ ಎಷ್ಟೋ ಕಡೆ ಚರಂಡಿಯೊಳಗೇ ಹಾದುಹೋಗಿರುತ್ತದೆ. ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಒತ್ತಡ ಇಳಿದು, ಬಿರುಕುಗಳ ಮೂಲಕ ಕೊಳಚೆ ಒಳಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಕೊಳಚೆ ಕೊಡ ಸೇರುತ್ತದೆ. ಕಾಲರಾ, ಟೈಫಾಯ್ಡ್, ಕಾಮಾಲೆ ಹರಡುವುದು ಹೀಗೆ. ಆದ್ದರಿಂದ ಚರಂಡಿಯ ಮಾತು ಬಿಟ್ಟು ಕುಡಿಯುವ ನೀರಿನ ಮಾತಾಡಲಾಗದು.

ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲೂ ಜನರು ಪಾಲುದಾರರೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಪಾಲುದಾರನಿಗೆ ಅವನ ಪಾಲು ಕೊಡುವುದು ಔದಾರ್ಯವಲ್ಲ, ನ್ಯಾಯ. ಮದೀನಾದ ರೂಮಾ ಬಾವಿಯ ನೀರು ಮಾರಾಟವಾಗುತ್ತಿದ್ದಾಗ ಹಝ್ರತ್ ಉಸ್ಮಾನ್(ರ) ಅದನ್ನು ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ಕೊಳ್ಳುವವರು ಯಾರೆಂದು ಕೇಳುವಾಗ ಪ್ರವಾದಿ(ಸ) ಬಯಸಿದ್ದು ಗಮನಾರ್ಹ: ಕೊಂಡವನ ಬಿಂದಿಗೆಯೂ ಉಳಿದವರ ಬಿಂದಿಗೆಗಳ ಜೊತೆಗೇ ಬಾವಿಗೆ ಇಳಿಯಬೇಕು. ಅಂದರೆ ಕೊಟ್ಟವನಿಗೆ ಮೇಲುಗೈಯಿಲ್ಲ, ಪಡೆದವನು ತಲೆ ತಗ್ಗಿಸಬೇಕಾಗಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಕೂಡ ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 1991ರಲ್ಲಿ ಹೇಳಿತು. 2010ರ ಜುಲೈಯಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಅಂಗೀಕರಿಸಿತು. ಆದರೆ ಕಾಗದದ ಮೇಲಿನ ಹಕ್ಕು ಗಲ್ಲಿಯ ನಳಕ್ಕೆ ತಾನಾಗಿ ಇಳಿದು ಬರುವುದಿಲ್ಲ.

ಈ ವಿಷಯದಲ್ಲಿ ಪಾಕಿಸ್ತಾನದ ಕರಾಚಿ ನಗರದ ಒರಂಗಿ ಎಂಬ ಬಡ ಬಡಾವಣೆಯಿಂದ ಕಲಿಯುವುದು ಬಹಳವಿದೆ. ಅಲ್ಲಿ ಕೊಳಚೆ ಬೀದಿಯಲ್ಲೇ ಹರಿಯುತ್ತಿತ್ತು. 1980ರಲ್ಲಿ ಸಮಾಜ ಚಿಂತಕ ಅಖ್ತರ್ ಹಮೀದ್ ಖಾನ್ ಅಲ್ಲಿ ಕೆಲಸ ಆರಂಭಿಸಿದರು. ಅವರ ಸಂಸ್ಥೆ ಹಣ ಹಂಚಲಿಲ್ಲ. ನಕ್ಷೆ, ಸಲಕರಣೆ, ತಾಂತ್ರಿಕ ಸಲಹೆ ಒದಗಿಸಿತು. ಇಪ್ಪತ್ತು-ಮೂವತ್ತು ಮನೆಗಳ ಒಂದೊಂದು ಗಲ್ಲಿಯ ಜನರು ಒಗ್ಗೂಡಿ, ತಾವೇ ಹಣ ಕೂಡಿಸಿ ಒಳಚರಂಡಿ ಹಾಕಿಕೊಂಡರು. ಕಾಲಕ್ರಮೇಣ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಇದು ತಲುಪಿತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಸಿರಿವಂತರ ಬಡಾವಣೆಗಳಿಗೆ ಸರಕಾರವೇ ಚರಂಡಿ ಹಾಕುವಾಗ ಬಡವರೇಕೆ ತಾವೇ ಹಾಕಿಕೊಳ್ಳಬೇಕು? ಆಕ್ಷೇಪ ನ್ಯಾಯವಾದದ್ದೇ. ಒರಂಗಿಯವರು ಅದಕ್ಕೊಂದು ಗಡಿ ಎಳೆದರು: ಮನೆಯ ಶೌಚಾಲಯ ಮತ್ತು ಗಲ್ಲಿಯ ಚರಂಡಿ ಜನರ ಹೊಣೆ, ಮುಖ್ಯ ಕಾಲುವೆ ಮತ್ತು ಶುದ್ಧೀಕರಣ ಸರಕಾರದ ಹೊಣೆ. ತಮ್ಮ ಪಾಲಿನ ಕೆಲಸ ಮುಗಿಸಿದವರ ಬೇಡಿಕೆಯನ್ನು ಭಿಕ್ಷೆಯೆಂದು ತಳ್ಳಿಹಾಕಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ. ಹಾಗೆಂದು ಈ ದಾರಿ ಸುಲಭದ್ದಲ್ಲ. ಸಂಸ್ಥೆಯನ್ನು ಮುನ್ನಡೆಸಿದ, ನಗರದ ನೀರು ಕದ್ದು ಟ್ಯಾಂಕರುಗಳಲ್ಲಿ ಮಾರುವ ದಂಧೆಯನ್ನು ದಾಖಲಿಸಿದ ಪರ್ವೀನ್ ರೆಹಮಾನ್ 2013ರ ಮಾರ್ಚ್‌ನಲ್ಲಿ ಗುಂಡಿಗೆ ಬಲಿಯಾದರು.

ದಿನಕ್ಕೆ ಐದು ಹೊತ್ತು ವುಝೂ ಮಾಡುವ ಸಮುದಾಯ ನಮ್ಮದು. ಮಸೀದಿಯ ನಳದಲ್ಲಿ ನೀರಿದ್ದು, ಮಸೀದಿಯ ಪಕ್ಕದ ಮನೆಯಲ್ಲಿ ಶುದ್ಧ ನೀರಿಲ್ಲದಿದ್ದರೆ ನಮ್ಮ ಶುಚಿತ್ವ ಅರ್ಧಕ್ಕೇ ನಿಂತಂತೆ. ಅರವಟ್ಟಿಗೆ ಇರಲಿ. ಅದರ ಜೊತೆಗೆ ಜಮಾಅತ್‌ಗಳು, ಯುವಕ ಸಂಘಗಳು, ನೆರೆಯ ಇತರ ಧರ್ಮೀಯರೂ ಸೇರಿ ತಮ್ಮ ಗಲ್ಲಿಯ ಕೊಳವೆ ಮತ್ತು ಚರಂಡಿಗಳ ನಕ್ಷೆ ಬರೆಯಲಿ, ನೀರನ್ನು ಪರೀಕ್ಷೆಗೆ ಕಳಿಸಲಿ, ಆ ವರದಿ ಹಿಡಿದು ನಗರಸಭೆಯ ಮುಂದೆ ನಿಲ್ಲಲಿ. ಆ ಗಲ್ಲಿಯ ನೀರನ್ನು ನಮ್ಮ ಮಕ್ಕಳಿಗೂ ಅಳುಕಿಲ್ಲದೆ ಕುಡಿಸುವಂತಾಗುವ ತನಕ ನಮ್ಮ ಹೊಣೆ ಮುಗಿಯಿತೆಂದು ಭಾವಿಸಲಾಗದು.